ಹಬ್‌ನ ಡಯಲ್ ಎರಡು ಬೆರಳಿಗೆ ತಿರುಗದಿರುವ ಕುರಿತು

ಇಂದ,
ಹಬ್ ವಿಭಾಗದ ಮಾಜಿ ಮೆಕ್ಯಾನಿಕ್, ಹಾಲಿ ಪಂಕ್ಚರ್ ವಿಭಾಗ,
ಶೆಡ್ಡಿನ ಹಿಂಬದಿ, ಟ್ಯೂಬ್ ಮುಳುಗಿಸುವ ತೊಟ್ಟಿಯ ಪಕ್ಕ.

ಗೆ,
ಮಾಲೀಕರು, ಹೆಡ್ ಮೆಕ್ಯಾನಿಕ್ ಹಾಗೂ ನನ್ನ ಅಕ್ಕ ಅವರು,
ಅದೇ ಶೆಡ್ಡು, ಮುಂಭಾಗ, ಫ್ಯಾನ್ ಇರುವ ಕಡೆ.

ವಿಷಯ: ಫೋರ್ ವೀಲ್ ಡ್ರೈವ್ ಗಾಡಿಯ ಹಬ್ ಬಿಚ್ಚಿ ಜೋಡಿಸುವಾಗ ರಬ್ಬರ್ ರಿಂಗ್ ಸರಿಯಾಗಿ ಕೂತಿದ್ದರೂ ಡಯಲ್ ಬಿಗಿಯಾಗಿದೆ ಎಂಬ ದೂರಿನ ಬಗ್ಗೆ.

ಉಲ್ಲೇಖ: ಕಳೆದ ಬುಧವಾರ ಊಟದ ತಟ್ಟೆ ಮುಂದಿಟ್ಟುಕೊಂಡು ತಾವು ಹೊರಡಿಸಿದ ಮೌಖಿಕ ಆದೇಶ: "ನನ್ನ ಹತ್ರ ಮಾತಾಡ್ಬೇಡ. ಏನಿದ್ರೂ ಬರೆದು ಕೊಡು."

ಮಾನ್ಯರೇ,

ಒಂದೇ ಒಲೆಯ ಅಡುಗೆ ಉಣ್ಣುವ ಇಬ್ಬರ ನಡುವೆ ಅರ್ಜಿ ವ್ಯವಹಾರವೇಕೆ ಎಂದು ತಾವು ಕೇಳುವಂತಿಲ್ಲ. ಉಲ್ಲೇಖಿತ ಆದೇಶವನ್ನು ಶಿರಸಾವಹಿಸಿ ಈ ಕೆಳಕಂಡ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

1. ತಮಗೆ ಗೊತ್ತಿರುವುದನ್ನೇ ತಮಗೆ ತಿಳಿಸುವುದು ಅರ್ಜಿಯ ಪದ್ಧತಿಯಾದ್ದರಿಂದ ತಿಳಿಸುತ್ತೇನೆ. ಹಬ್ ಎಂಬುದು ಮುಂದಿನ ಚಕ್ರದ ನಡುವೆ ಕೂರುವ ವಸ್ತು. ಅದರ ಮುಖದ ಮೇಲೊಂದು ಡಯಲ್. ಅದನ್ನು ಲಾಕ್ ಕಡೆಗೆ ತಿರುಗಿಸಿದರೆ ಮುಂದಿನ ಚಕ್ರಕ್ಕೂ ಎಂಜಿನ್ನಿನ ಬಲ ಸಿಗುತ್ತದೆ, ಫ್ರೀ ಕಡೆಗೆ ತಿರುಗಿಸಿದರೆ ಚಕ್ರ ತನ್ನ ಪಾಡಿಗೆ ಉರುಳುತ್ತದೆ. ಡಯಲ್‌ನ ಕೆಳಗೆ ಬಳೆಯಂಥ ರಬ್ಬರ್ ರಿಂಗ್ ಇದೆ. ಅದು ದಪ್ಪವಾದರೆ ಡಯಲ್ ತಿರುಗುವುದಿಲ್ಲ, ತೆಳುವಾದರೆ ಒಳಗೆ ನೀರು ಹೋಗುತ್ತದೆ. ಈ ಎರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ನಮ್ಮ ಸಂಸಾರ ನಡೆದಿದೆ.

2. ಹಬ್ ಜೋಡಿಸಿದ ಮೇಲೆ ತಾವು ಹೆಬ್ಬೆರಳು ಮತ್ತು ತೋರುಬೆರಳು, ಎರಡರಲ್ಲೇ ಡಯಲ್ ತಿರುಗಿಸಿ ನೋಡುವುದು ಈ ಶೆಡ್ಡಿನ ಕಾನೂನು. ತಿರುಗಿದರೆ ಗಾಡಿ ಹೊರಗೆ. ಇಲ್ಲದಿದ್ದರೆ "ಬಿಚ್ಚು" ಎಂಬ ಒಂದೇ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಈ ಪರೀಕ್ಷೆ ಒಮ್ಮೆಯೂ ತಪ್ಪಿದ್ದಿಲ್ಲ. ಅಳತೆಗೆಂದು ನಾನು ವರ್ನಿಯರ್ ತಂದಾಗ ತಾವು, "ಇದನ್ನ ನಂಬ್ಕೊಂಡು ಕೂತ್ರೆ ಬೆರಳು ಸೋಮಾರಿ ಆಗ್ತವೆ ಕಣೋ" ಎಂದು ಅದನ್ನು ಬಿಲ್ಲುಗಳ ಮೇಲೆ ಭಾರಕ್ಕಿಟ್ಟಿದ್ದು ದಾಖಲೆಯಲ್ಲಿದೆ.

3. ಹೀಗಿರಲಾಗಿ, ಕಳೆದ ಸೋಮವಾರ ದನದ ಡಾಕ್ಟರ ಗಾಡಿಯ ಹಬ್ ಅನ್ನು ನಾನು ಜೋಡಿಸಿ ತಮ್ಮ ಮುಂದಿಟ್ಟೆ. "ಬಿಗಿ. ಬಿಚ್ಚು" ಎಂದಿರಿ. ಬಿಚ್ಚಿದೆ. ರಿಂಗ್ ಕೂರುವ ತೋಡಿನಲ್ಲಿ ಹಳೆಯ ಗ್ರೀಸ್ ಗಟ್ಟಿಯಾಗಿರಬಹುದೆಂದು ಬಿದಿರಿನ ಕಡ್ಡಿಯಲ್ಲಿ ಕೆರೆದು ತೆಗೆದೆ. ಮತ್ತೆ "ಬಿಗಿ" ಎಂದಿರಿ. ರಿಂಗ್ ತಿರುಚಿಕೊಂಡಿರಬಹುದೆಂದು ತೆಗೆದು ನೋಡಿದೆ, ತಿರುಚಿರಲಿಲ್ಲ. ಪೆಟ್ರೋಲಿನಲ್ಲಿ ತೊಳೆದರೆ ರಬ್ಬರ್ ಉಬ್ಬುತ್ತದೆಂದು ಹೊಸ ರಿಂಗನ್ನು ಸೋಪಿನ ನೀರಿನಲ್ಲಿ, ಕೂಸಿಗೆ ಸ್ನಾನ ಮಾಡಿಸಿದ ಹಾಗೆ ತೊಳೆದು ಹಾಕಿದೆ. "ಕಿವಿ ಕೇಳಲ್ವೇನೋ ನಿಂಗೆ? ಬಿಗಿ ಅಂದ್ನಲ್ಲ!" ಎಂದಿರಿ. ವರ್ನಿಯರ್‌ನಲ್ಲಿ ಕದ್ದು ಅಳೆದೆ. ಅಳತೆ ಸರಿಯಾಗಿತ್ತು. ನನ್ನ ಬೆರಳಿಗೆ ಡಯಲ್ ಸಲೀಸಾಗಿ ತಿರುಗುತ್ತಿತ್ತು. ಆದರೆ ತಮ್ಮ ಬೆರಳಿನ ಮುಂದೆ ನನ್ನ ಬೆರಳಿಗೆ ಬೆಲೆ ಎಲ್ಲಿದೆ? ನನಗೇ ನನ್ನ ಮೇಲೆ ನಂಬಿಕೆ ಹೋಯಿತು.

4. ಅಷ್ಟರಲ್ಲಿ ಡಾಕ್ಟರು ಮೂರನೇ ಸಲ ಗಡಿಯಾರ ನೋಡಿದರು. ಆದಕಾರಣ ನಾನು ಒಂದು ನಂಬರ್ ತೆಳುವಾದ ರಿಂಗ್ ಹಾಕಿದೆ. ತಮ್ಮ ಬೆರಳಿಗೆ ಡಯಲ್ ಹೇಗೋ ತಿರುಗಿತು. "ನೋಡಿದ್ಯಾ, ಮನಸ್ಸಿಟ್ಟು ಮಾಡಿದ್ರೆ ಆಗುತ್ತೆ" ಎಂದು ಬೆನ್ನು ತಟ್ಟಿದಿರಿ. ಆ ತಟ್ಟು ಇವತ್ತಿಗೂ ಉರಿಯುತ್ತಿದೆ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

5. ಮಂಗಳವಾರ ಗಾಡಿ ಹಳ್ಳದ ನಡುವೆ ನಿಂತಿತು. ಹಬ್ ಒಳಗೆ ನೀರು ಹೊಕ್ಕು ಗ್ರೀಸ್ ಹಾಲಿನಂತಾಗಿ ಡಯಲ್ ಅಲ್ಲಾಡಲಿಲ್ಲ. ಡಾಕ್ಟರು ಬ್ಯಾಗನ್ನು ತಲೆಯ ಮೇಲಿಟ್ಟುಕೊಂಡು ಸೊಂಟದ ಮಟ್ಟದ ನೀರಿನಲ್ಲಿ ನಡೆದು ಹೋಗಿ, ಆಚೆ ದಡದಲ್ಲಿ ಹೆರಲಾಗದೆ ಒದ್ದಾಡುತ್ತಿದ್ದ ಹಸುವಿನ ಕರು ಹೊರಗೆಳೆದರು. ಕರು ಉಳಿಯಿತು, ನಾನು ಉಳಿಯಲಿಲ್ಲ. ಬುಧವಾರ ತಾವು ಹಬ್ ಬಿಚ್ಚಿ, ತೆಳು ರಿಂಗ್ ನೋಡಿ, "ಯಾಕೋ ಹೀಗೆ ಮಾಡ್ದೆ?" ಎಂದಿರಿ. ನನ್ನನ್ನು ಪಂಕ್ಚರ್‌ಗೆ ಹಾಕಿ, ಮಾತು ಬಿಟ್ಟು, ಆ ಹಬ್ ಅನ್ನು ತಾವೇ ಜೋಡಿಸಲು ಕೂತಿರಿ.

6. ಗುರುವಾರ ಮಧ್ಯಾಹ್ನ ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದವನು ತಲೆ ಎತ್ತಿದಾಗ ಕಂಡದ್ದನ್ನು ಹೇಳದಿದ್ದರೆ ಈ ಅರ್ಜಿ ಪೂರ್ತಿಯಾಗುವುದಿಲ್ಲ. ತಾವು ಜೋಡಿಸಿದ ಹಬ್ ತಮ್ಮ ಪರೀಕ್ಷೆಯಲ್ಲೇ ಫೇಲಾಯಿತು. ಬಿಚ್ಚಿದಿರಿ, ಜೋಡಿಸಿದಿರಿ, ಮತ್ತೆ ಬಿಚ್ಚಿದಿರಿ. ಕೊನೆಗೆ ರಿಂಗನ್ನೇ ತೆಗೆದು ಮೇಜಿನ ಮೇಲಿಟ್ಟು, ಬರಿಯ ಡಯಲ್ ಕೂರಿಸಿ ತಿರುಗಿಸಿದಿರಿ. ಅಷ್ಟು ಹೊತ್ತಿಗೆ ದಣಿದಿದ್ದ ತಮ್ಮ ಬೆರಳಿಗೆ ಅದೂ ತಿರುಗಲಿಲ್ಲ. ತಾವು ಬಹಳ ಹೊತ್ತು ಬಲಗೈ ನೋಡಿಕೊಂಡಿರಿ. ಆಮೇಲೆ ಎಡಗೈಯಿಂದ ಬೆರಳುಗಳನ್ನು ಒಂದೊಂದಾಗಿ ಹಿಸುಕಿ ನೋಡಿ, ಎದ್ದು ಒಳಗೆ ಹೋದಿರಿ. ನಾನು ಬಂದು ಆ ಡಯಲ್ ಮುಟ್ಟಿದೆ. ಕಿರುಬೆರಳಿಗೇ ಗಿರಗಿರನೆ ತಿರುಗಿತು. ಮೇಜಿನ ಮೇಲಿದ್ದ ರಿಂಗ್ ಕೂರಿಸಿ ಹಬ್ ಜೋಡಿಸಿಟ್ಟೆ.

7. ಅಲ್ಲಿಯವರೆಗೂ ಇದು ಕೋಪ ಎಂದುಕೊಂಡಿದ್ದೆ. ತಮ್ಮದು ಹೆದರಿಕೆ ಎಂದು ಗೊತ್ತಾದ ಮೇಲೆ ಒಂದೇ ಟ್ಯೂಬನ್ನು ಮೂರು ಸಲ ಮುಳುಗಿಸಿದೆ. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಕೈ ಅದು, ಅಕ್ಕಾ. (ಅರ್ಜಿಯ ಭಾಷೆ ಇಲ್ಲಿ ಜಾರಿದ್ದಕ್ಕೆ ಕ್ಷಮೆ ಇರಲಿ.)

8. ಈ ಬಗ್ಗೆ ನನ್ನ ಹೆಂಡತಿಯನ್ನು ವಿಚಾರಿಸಲಾಗಿ, ಆಕೆ ಮೊದಲು ಒಲೆಯ ಉರಿ ಸಣ್ಣ ಮಾಡಿದಳು. ಆಮೇಲೆ, "ಅತ್ತಿಗೆ ಎರಡು ತಿಂಗಳಿಂದ ನನ್ನ ಕೈಲೇ ಜಡೆ ಹಾಕಿಸ್ಕೊಳ್ತಿದಾರೆ. ಸಕ್ಕರೆ ಡಬ್ಬಿ ಮುಚ್ಚಳ ತೆಗೆಯೋಕೂ ನನ್ನೇ ಕರೀತಾರೆ. ನಿಮಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ರು" ಎಂದು ಅತ್ತಳು. ಆಣೆ ಮುರಿದದ್ದಕ್ಕೆ ಆಕೆಯನ್ನೂ ಪಂಕ್ಚರ್‌ಗೆ ಹಾಕಬಾರದಾಗಿ ಕೋರಿಕೆ.

9. ಗಾಡಿ ಒಯ್ಯಲು ಬಂದ ಡಾಕ್ಟರ ಹತ್ತಿರ ನಾನೇ ಕೇಳಿದೆ, ನೆಂಟರೊಬ್ಬರ ಕಥೆ ಎಂದು. ಅವರು ತಾವು ಕೂತಿದ್ದ ಮೇಜಿನ ಕಡೆ ಒಮ್ಮೆ ನೋಡಿ, "ಮಣಿಕಟ್ಟಿನ ಹತ್ರ ನರ ಒತ್ಕೊಂಡಿರ್ಬಹುದು. ಬೇಗ ತೋರಿಸಿದ್ರೆ ಸರಿ ಹೋಗೋ ಸಾಧ್ಯತೆ ಜಾಸ್ತಿ. ಬಿಟ್ರೆ ಹೆಬ್ಬೆರಳ ಬುಡದ ಮಾಂಸ ಕರಗುತ್ತೆ, ಹೋದ ಶಕ್ತಿ ವಾಪಸ್ ಬರಲ್ಲ" ಎಂದರು. ದನದ ಡಾಕ್ಟರ ಮಾತೆಂದು ತಾವು ತಳ್ಳಿಹಾಕಬಹುದು. ನರ ದನಕ್ಕೂ ಇದೆ.

ಆದ್ದರಿಂದ, ರಿಂಗ್, ತೋಡು, ಗ್ರೀಸ್, ಡಯಲ್ ಇವುಗಳಲ್ಲಿ ಯಾವ ದೋಷವೂ ಕಂಡುಬಂದಿಲ್ಲವೆಂದೂ, ಎರಡು ಬೆರಳಿನ ಪರೀಕ್ಷೆಯಲ್ಲೂ ದೋಷವಿಲ್ಲವೆಂದೂ, ಬೆರಳುಗಳನ್ನು ಮಾತ್ರ ರಿಪೇರಿಗೆ ಬಿಡಬೇಕಿದೆಯೆಂದೂ ವರದಿ ಮಾಡುತ್ತಿದ್ದೇನೆ. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನರದ ಡಾಕ್ಟರ ಬಳಿ ತಮ್ಮ ಹೆಸರಿನಲ್ಲಿ ಟೋಕನ್ ಪಡೆದಿದ್ದೇನೆ. ಶೆಡ್ಡಿಗೆ ಅರ್ಧ ದಿನ ಬೀಗ ಹಾಕಲು ಅಪ್ಪಣೆಯಾಗಬೇಕು. ತಮ್ಮ ಕೈ ಸುಧಾರಿಸುವವರೆಗೆ ನನ್ನನ್ನು ಪಂಕ್ಚರ್ ವಿಭಾಗದಲ್ಲೇ ಮುಂದುವರಿಸಿದರೂ ನನ್ನ ತಕರಾರಿಲ್ಲ.

ಇಂತಿ, ಬೈಸಿಕೊಳ್ಳಲು ಕಾದಿರುವ
ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
ಅ) ಟೋಕನ್, ಒಂದು.
ಆ) ಸರಿಯಾದ ಅಳತೆಯ ರಿಂಗ್, ಒಂದು. ಅಂದು ಸೋಪಿನಲ್ಲಿ ತೊಳೆದದ್ದು.
ಇ) ಹೆಂಡತಿಯ ಹೇಳಿಕೆ. ಕಣ್ಣೀರಿನಿಂದ ಒಂದೆರಡು ಸಾಲು ಅಳಿಸಿದೆ.

ವಿ.ಸೂ.: ಈ ಅರ್ಜಿಯನ್ನು ತಿರಸ್ಕರಿಸುವುದಾದರೆ, ಕೆಳಗೆ ಬಿಟ್ಟಿರುವ ಜಾಗದಲ್ಲಿ ತಾವು ಸ್ವಹಸ್ತದಿಂದ ಕಾರಣ ಬರೆದು, ಪೂರ್ತಿ ಸಹಿ ಮಾಡತಕ್ಕದ್ದು. ಎರಡು ತಿಂಗಳಿಂದ ಬಿಲ್ಲುಗಳಿಗೆ ಒತ್ತುತ್ತಿರುವ ರಬ್ಬರ್ ಸ್ಟ್ಯಾಂಪ್ ನಡೆಯುವುದಿಲ್ಲ. ಒಪ್ಪುವುದಾದರೆ ಏನೂ ಬರೆಯುವ ಅಗತ್ಯವಿಲ್ಲ. ಬಂದು ಗಾಡಿಯಲ್ಲಿ ಕೂರಬೇಕಾಗಿ ವಿನಂತಿ. ಬಾಗಿಲು ನಾನು ತೆಗೆಯುತ್ತೇನೆ.