ಪರದೇಶಕ್ಕೆ ಹೊಲಿದ ಕಳ್ಳಜೇಬುಗಳು

ಹುಣಸೂರಿನ ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ನಂದೊಂದು ಟೇಲರ್ ಅಂಗಡಿ. ಪರದೇಶಕ್ಕೆ ಹೊರಟವನು ನನ್ನ ಅಂಗಡಿ ಮೆಟ್ಟಿಲು ಹತ್ತಿದ ಅಂದ್ರೆ ಏನಾದ್ರೂ ಒಂದು ಎಡವಟ್ಟು ಆಗೇ ಆಗುತ್ತೆ. ಹೊರಗೆ ಕಾಣದ ಹಾಗೆ ಬಟ್ಟೆಯೊಳಗೆ ಹೊಲಿಯೋ ಜೇಬಿಗೆ ನಮ್ಮ ಕಡೆ ಕಳ್ಳಜೇಬು ಅಂತಾರೆ. ದುಡ್ಡು ಬಚ್ಚಿಡೋಕೆ ಅದನ್ನ ಹೊಲಿಸೋಕೆ ಬರೋರು. ದುಡ್ಡು ಅವರದು, ಪ್ರಯಾಣ ಅವರದು, ಡವಡವ ಅನ್ನೋ ಎದೆ ಮಾತ್ರ ನಂದು. ಹುಟ್ಟಾ ಪುಕ್ಕಲ ನಾನು, ಏನ್ಮಾಡೋದು?

ಕುಯ್ಯೋ ಅಂದ ಚಡ್ಡಿ

ಕೆ.ಆರ್. ನಗರದ ಕಡೆಯ ಡ್ರೈವರ್ ಒಬ್ಬ ದುಬೈಗೆ ಕೆಲಸಕ್ಕೆ ಹೊರಟ. "ಅಣ್ಣ, ಡಾಲರ್ ಮಡಿಕೊಳಾಕೆ ಒಂದು ಗಟ್ಟಿ ಜೇಬು ಮಾಡ್ಕೊಡು. ಕಳ್ದೋದ್ರೆ ಅಲ್ಲಿ ನಂಗೆ ಯಾರವ್ರೆ?" ಅಂದ. ಕೇಳಿ ನನಗೆ ಅವನಿಗಿಂತ ಹೆಚ್ಚು ಭಯ ಆಯ್ತು. ಪಟ್ಟಾಪಟ್ಟಿ ಚಡ್ಡಿಗೆ ಎರಡು ಪದರದ ಜೇಬು ಹೊಲಿದು, ಬಾಯಿಗೆ ಜಿಪ್ ಹಾಕಿ, ಅದರ ಮೇಲೆ ನಾಲ್ಕು ಕಬ್ಬಿಣದ ಹುಕ್ಕು, ಸಾಲದು ಅಂತ ಎರಡು ಪಿನ್ನು ಬೇರೆ ಚುಚ್ಚಿ ಕೊಟ್ಟೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆ ಬಾಗಿಲು ದಾಟಿದ ಕೂಡಲೇ ಮೆಷೀನು ಕುಯ್ಯೋ ಅಂತು. ಬೆಲ್ಟು ಬಿಚ್ಚಿಸಿದರು, ಕುಯ್ಯೋ. ವಾಚು ಬಿಚ್ಚಿಸಿದರು, ಮತ್ತೆ ಕುಯ್ಯೋ.

"ಒಳಗೇನಯ್ಯಾ ಇಟ್ಟಿದೀಯ?" ಅಂತ ಪೊಲೀಸಿನವನು ಗದರಿದ.

"ಕಳ್ಳ..." ಅಂದವನಿಗೆ ಬಾಯಿ ಅಲ್ಲಿಗೇ ಒಣಗಿಹೋಯ್ತು.

"ಯಾವನಯ್ಯಾ ಕಳ್ಳ?"

"ನಮ್ ಹುಣಸೂರು ಟೇಲರು ಸಾರ್!"

ದುಬೈ ಮುಟ್ಟಿದ ಮೇಲೆ ಪಕ್ಕದ ಅಂಗಡಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದ. "ನನ್ನ ಬುಟ್ರು ಕಣಣ್ಣ. ಆದ್ರೆ ನಿನ್ ಅಂಗಡಿ ಎಲ್ಲೈತೆ ಅಂತ ಕೇಳುದ್ರು" ಅಂದ. ಮೂರು ದಿನ ನಾನು ಬಾಗಿಲು ತೆಗೀಲಿಲ್ಲ. ನಾಲ್ಕನೇ ದಿನ ತೆಗೆದರೆ, ಪೊಲೀಸಿನವನೊಬ್ಬ ಬಂದೇ ಬಂದ. ನಾನು ಕತ್ತರಿ ಕೆಳಗಿಟ್ಟು, ಬೇಡಿ ಹಾಕಿ ಅನ್ನೋ ಹಾಗೆ ಎರಡೂ ಕೈ ಮುಂದೆ ಚಾಚಿದೆ. ಪುಣ್ಯಾತ್ಮ, ಎರಡು ಪ್ಯಾಂಟು ಸಣ್ಣ ಮಾಡಿಸೋಕೆ ಬಂದಿದ್ದ. ಎರಡಕ್ಕೂ ನಾನು ಒಂದು ಪೈಸೆ ತಗೊಳ್ಳಲಿಲ್ಲ.

ಎಲ್ಲ ನಂದೇ ಸೈನು

ಬೆಟ್ಟದಪುರದ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಬೆಳೆ ನೋಡೋಕೆ ಅಂತ ಆಫ್ರಿಕಾಕ್ಕೆ ಹೊರಟರು. ಬ್ಯಾಂಕಿನವರು ನೋಟಿನ ಬದಲು ಟ್ರಾವೆಲರ್ಸ್ ಚೆಕ್ ಕೊಟ್ಟಿದ್ದರು. ತಗೊಳ್ಳುವಾಗ ಒಂದು ಸೈನು, ಅಲ್ಲಿ ಬಿಡಿಸುವಾಗ ಕ್ಯಾಷಿಯರ್ ಎದುರಿಗೇ ಇನ್ನೊಂದು ಸೈನು. ಎರಡೂ ತಾಳೆಯಾದರೆ ಮಾತ್ರ ದುಡ್ಡು. ಕಳ್ಳ ಕದ್ದರೂ ಅವನಿಗೆ ದಕ್ಕೋದಿಲ್ಲ.

"ಕಳ್ಳನಿಗೆ ದಕ್ಕಾಕಿಲ್ಲ ಸರಿ, ನಂಗೆ ದಕ್ಕಬೇಕಲ್ಲಪ್ಪ! ನನ್ ಸೈನು ಒಂದ್ಸತಿ ಬಂದಂಗೆ ಇನ್ನೊಂದ್ಸತಿ ಬರಾಕಿಲ್ಲ" ಅಂತ ಜೇಬು ಹೊಲಿಸೋಕೆ ಬಂದವರು ನನ್ನ ಬಿಲ್ ಪುಸ್ತಕದ ತುಂಬಾ ಸೈನು ಹಾಕಿ ಅಭ್ಯಾಸ ಮಾಡಿದರು. ವಿಮಾನದಲ್ಲೂ ದಾರಿಯುದ್ದಕ್ಕೂ ಅದೇ ಕೆಲಸವಂತೆ. ಪಕ್ಕದ ಸೀಟಿನಲ್ಲಿ ಕೂತಿದ್ದ ಅವರ ಷಡ್ಡಕ ಬೇರೆ ಕೆಲಸವಿಲ್ಲದೆ ನೋಡುತ್ತಾ ಇದ್ದನಂತೆ.

ಅಲ್ಲಿ ಕೌಂಟರಿನ ಮುಂದೆ ನಿಂತಾಗ ಇವರು ಚೆಕ್ಕಿಗೆ ಪೆನ್ನು ಮುಟ್ಟಿಸೋಕೇ ಹಿಂಜರಿದರು. ಕ್ಯಾಷಿಯರಮ್ಮ ಖಾಲಿ ಹಾಳೆ ಕೊಟ್ಟು ಹಾಕಿ ನೋಡಿ ಅಂದಳು. ಮೂರು ಹಾಕಿದರು, ಮೂರೂ ಮೂರು ತರ. ಇದರಲ್ಲಿ ನಿಮ್ಮದು ಯಾವುದು ಅಂತ ಕೇಳಿದರೆ, "ಎಲ್ಲ ನಂದೇ ಕಣವ್ವ!" ಅಂತ ಕನ್ನಡದಲ್ಲೇ ಕೂಗಿದರಂತೆ. ಆಯಮ್ಮ ಅತ್ತ ತಿರುಗಿ ಸಾಹೇಬರನ್ನ ಕರೆಯೋ ಅಷ್ಟರಲ್ಲಿ ಷಡ್ಡಕ ಪೆನ್ನು ಕಿತ್ತುಕೊಂಡು ಚೆಕ್ಕಿನ ಮೇಲೆ ಇವರ ಸೈನು ತಾನೇ ಗೀಚಿಬಿಟ್ಟ. ಸಾಹೇಬರು ಬಂದು ನೋಡಿದರು, ತಲೆ ಆಡಿಸಿದರು, ದುಡ್ಡು ಕೊಟ್ಟರು.

ಊರಿಗೆ ಬಂದ ಮೇಲೆ ಇವರಿಗೆ ಇನ್ನೊಂದು ಹೆದರಿಕೆ ಶುರುವಾಯ್ತು. ಇವತ್ತಿಗೂ ಷಡ್ಡಕ ಮನೆಗೆ ಬಂದರೆ ಮೊದಲು ಪಾಸ್ ಪುಸ್ತಕ ಎತ್ತಿಡ್ತಾರೆ.

ಐನೂರರ ನೋಟು

ಇನ್ನು ನನ್ನದೇ ಫಜೀತಿ. ನಮ್ಮತ್ತೆ ಎಚ್.ಡಿ. ಕೋಟೆಯವರು. ಸಾಯೋದರೊಳಗೆ ನೇಪಾಳದ ಪಶುಪತಿನಾಥನ್ನ ನೋಡಬೇಕು ಅಂತ ಅವರದು ಬಹಳ ವರ್ಷದ ಆಸೆ. ಪ್ರವಾಸದ ಬಸ್ಸೊಂದು ಹೊರಟಾಗ ನಾನು, ನನ್ನ ಹೆಂಡ್ತಿ, ಅತ್ತೆ ಮೂವರೂ ಹತ್ತಿದೆವು. ಬಸ್ಸಿನವರಿಗೆಲ್ಲ ಕಳ್ಳಜೇಬು ಹೊಲಿದವನು ನಾನೇ. "ಎಲ್ಲ ಐನೂರರ ನೋಟು ಮಾಡಿಸ್ಕೊಳಿ, ತೆಳ್ಳಗಿರುತ್ತೆ, ಗೊತ್ತಾಗಲ್ಲ" ಅಂತ ಬುದ್ಧಿ ಹೇಳಿದವನೂ ನಾನೇ.

ಗಡಿಯಲ್ಲಿ ಬಸ್ಸು ನಿಂತಿತು. ಪ್ರವಾಸದ ಮ್ಯಾನೇಜರ್ ಎದ್ದು, "ನೇಪಾಳದಲ್ಲಿ ನಮ್ಮ ನೂರು ರೂಪಾಯಿ ನೋಟು ನಡೆಯುತ್ತೆ, ಐನೂರು ನಡೆಯಲ್ಲ. ಸಿಕ್ಕಿದ್ರೆ ಜೈಲು" ಅಂದ. ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು.

"ಯೋವ್ ಟೇಲರು, ಬಾರಯ್ಯ ಇಲ್ಲಿ!"

ಕೋಟು ಸೀಟಿನ ಮೇಲೆ ಬಿಸಾಕಿ, ಬ್ಲೇಡು ಹಿಡಿದು ಇಳಿದೆ. ಬಸ್ಸಿನ ಹಿಂದೆ ಸಾಲಾಗಿ ನಿಂತವರ ಹೊಲಿಗೆ ಬಿಚ್ಚಿದ್ದೇ ಬಿಚ್ಚಿದ್ದು. ನೋಟು ಬದಲಾಯಿಸುವ ಅಂಗಡಿಯವನು ಕಮಿಷನ್ ಮುರಿದುಕೊಂಡು ನೂರರ ನೋಟು ಕೊಟ್ಟ. ಒಂದರ ಜಾಗಕ್ಕೆ ಐದು ನೋಟು ತುರುಕಿ ಗಂಡಸರಿಗೆಲ್ಲ ಏಳು ತಿಂಗಳ ಹೊಟ್ಟೆ ಬಂತು.

ಅತ್ತೆ ಮಾತ್ರ ಸೀಟು ಬಿಟ್ಟು ಏಳಲಿಲ್ಲ. ಅತ್ತೆ ಅಳಿಯ ನೇರ ಮಾತಾಡೋ ಪದ್ಧತಿ ನಮ್ಮಲ್ಲಿಲ್ಲ. ಅದೂ ರವಿಕೆಯೊಳಗಿನ ಜೇಬಿನ ವಿಷಯ! ಹೆಂಡ್ತಿ ಕೈಲಿ ಕೇಳಿಸಿದೆ.

"ನನ್ ಮೈಮ್ಯಾಲೆ ಒಂದ್ ಕಾಸೂ ಇಲ್ಲ ಅಂತ ಯೋಳವ್ವ ನಿನ್ ಗಂಡಂಗೆ" ಅಂದರು.

ಸುಳ್ಳು! ಆ ಜೇಬು ಹೊಲಿದ ಕೈ ನಂದಲ್ವೇ? ದೇವರ ಬಾಗಿಲವರೆಗೂ ಕರ್ಕೊಂಡು ಬಂದು ಮುದುಕೀನ ಜೈಲಿಗೆ ಹಾಕಿಸಿದ ಅಳಿಯ ಅಂತ ಕೋಟೆ ತಾಲ್ಲೂಕೇ ಉಗಿಯುತ್ತೆ. ಕೋಟು ಹಾಕ್ಕೊಂಡು ಕೂತೆ, ನಡುಕ ನಿಲ್ಲಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಒಬ್ಬ ಪೊಲೀಸು, ಒಬ್ಬಳು ಮಹಿಳಾ ಪೊಲೀಸು ಹತ್ತಿದರು. ಆಯಮ್ಮ ಸೀದಾ ಅತ್ತೆಯ ಸೀಟಿನ ಹತ್ತಿರ ಬಂದಳು. ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ಅಡ್ಡ ನಿಂತು ಎರಡೂ ಕೈ ಮೇಲೆತ್ತಿ, ಮೊದಲು ನನ್ನ ನೋಡಿ ಅನ್ನೋದನ್ನ ಗೊತ್ತಿದ್ದ ಹಿಂದೀಲಿ "ಪೈಲೆ ಮೈ! ಪೈಲೆ ಮೈ!" ಅಂತ ಕಿರುಚಿಬಿಟ್ಟೆ. ಪೊಲೀಸಿನವನು ಬಂದು ನನ್ನ ಹೊಟ್ಟೆ, ಬೆನ್ನು, ಕೋಟು ಎಲ್ಲ ತಡವಿದ. ನಡುಕ ನೋಡಿ ಚಳಿಜ್ವರ ಅಂದುಕೊಂಡನೋ ಏನೋ, ಕೈ ಒರೆಸಿಕೊಂಡು ಆಯಮ್ಮನ್ನೂ ಕರ್ಕೊಂಡು ಇಳಿದುಹೋದ.

ಅತ್ತೆಗೆ ದರ್ಶನವಾಯ್ತು. ಕೈ ಮುಗಿದು ಅಳುತ್ತಾ ನಿಂತ ಅವರನ್ನ ನೋಡಿ ನನಗೂ ಕಣ್ಣು ತುಂಬಿತು.

ರೂಮಿಗೆ ಬಂದ ಮೇಲೆ ಹೆಂಡ್ತಿ, "ಅವ್ವ ನಿಮ್ ಕೋಟು ಕೇಳ್ತಾಳೆ" ಅಂದಳು. ಕೊಟ್ಟೆ. ಅತ್ತೆ ಚಾಪೆ ಮೇಲೆ ಕೂತು, ಕೋಟಿನ ಒಳಬಟ್ಟೆಯ ದಾರ ಹಲ್ಲಿನಲ್ಲಿ ಕಚ್ಚಿ ಎಳೆದರು. ಒಳಗಿಂದ ಐನೂರರ ನೋಟು ಒಂದೊಂದಾಗಿ ಈಚೆ ಬಂದವು. ನಾನು ಬಸ್ಸಿನ ಹಿಂದೆ ಊರವರ ಹೊಲಿಗೆ ಬಿಚ್ಚುತ್ತಿದ್ದಾಗ ಕೋಟಿನ ಜೇಬಲ್ಲಿದ್ದ ನನ್ನದೇ ಸೂಜಿದಾರದಲ್ಲಿ ಹೊಲಿದಿದ್ದರು!

"ಅಯ್ಯಯ್ಯೋ!" ಅಂತ ಓಡಿಹೋಗಿ ರೂಮಿನ ಬಾಗಿಲಿಗೆ ಚಿಲಕ ಹಾಕಿದೆ. "ನಿಮ್ಮವ್ವ ಒಂದು ಮಾತು ಹೇಳಬಾರದಿತ್ತೇನೇ?" ಅಂತ ಹೆಂಡ್ತೀನ ಕೇಳಿದೆ.

ಅತ್ತೆ ಸೆರಗು ತಲೆ ಮೇಲೆ ಎಳೆದುಕೊಂಡು, ಮಗಳ ಕಡೆ ತಿರುಗಿ ಮೆಲ್ಲಗೆ ಅಂದರು:

"ಯೋಳಿದ್ರೆ ನಿನ್ ಗಂಡ ಎದರ್ಕಬುಡ್ತಿದ್ರು ಕಣವ್ವ."