ಸೀಲು ಒಡೆಯದ ಎಂಜಿನ್

ಈ ಸಂಗತಿಯನ್ನು ನನಗೆ ಮೊದಲು ತಿಳಿಸಿದವರು ನನ್ನ ಹಲ್ಲಿನ ಡಾಕ್ಟರು. ಆ ಹೊತ್ತಿಗೆ ನನ್ನ ಬಾಯಲ್ಲಿ ಎರಡು ಹತ್ತಿಯ ಉಂಡೆ, ಒಂದು ಪುಟ್ಟ ಕನ್ನಡಿ ಮತ್ತು ಅವರ ಮೂರು ಬೆರಳು ಇದ್ದುದರಿಂದ ನಾನು ಒಂದು ಮಾತನ್ನೂ ಆಡಲಿಲ್ಲ. ಇದನ್ನು ಆರಂಭದಲ್ಲೇ ದಾಖಲಿಸುವುದು ಅಗತ್ಯ. ಯಾಕೆಂಬುದು ಕೊನೆಯಲ್ಲಿ ತಿಳಿಯುತ್ತದೆ.

ಬೋಟಿನ ಎಂಜಿನ್ ಓಡಲೇಬೇಕೆಂದು ಎಲ್ಲಿಯೂ ಲಿಖಿತ ನಿಯಮವಿಲ್ಲ. ಇದನ್ನು ಪತ್ತೆಹಚ್ಚಿದ ಕೀರ್ತಿ, ದಡದವರೆಲ್ಲ ಓದಿದಕ್ಕ ಎಂದು ಕರೆಯುವ ಬೋಟಿನೊಡತಿಗೆ ಸಲ್ಲುತ್ತದೆ.

ಹೊಳೆಯ ಈಚೆ ದಡದಿಂದ ಆಚೆ ದಡಕ್ಕೆ ಜನರನ್ನು ದಾಟಿಸುವ ಹದಿನಾಲ್ಕು ಬೋಟುಗಳ ಪೈಕಿ ಒಂದು ಅವಳದು. ಅಪ್ಪ ಬಿಟ್ಟುಹೋದದ್ದು. ಬೋಟಿಗಿಂತ ಹೆಚ್ಚಿನ ಆಸ್ತಿಯೆಂದರೆ ಅದರ ಪಾಳಿ: ಬೆಳಿಗ್ಗೆ ಎಂಟೂವರೆ. ಆಫೀಸಿನವರು, ಮೇಷ್ಟ್ರುಗಳು, ಆಸ್ಪತ್ರೆಯವರು ಎಲ್ಲರೂ ದಾಟುವುದು ಆಗಲೇ. ಮೂವತ್ತೊಂದು ವರ್ಷ ಅಪ್ಪ ಆ ಪಾಳಿಯನ್ನು ಒಂದು ಹಳೇ ಎಂಜಿನ್ನಿನಲ್ಲಿ ನಡೆಸಿದ್ದರು. ಅದರ ಅರ್ಧ ಭಾಗ ತಂತಿಯಲ್ಲೂ ಉಳಿದರ್ಧ ಬೈಗುಳದಲ್ಲೂ ನಿಂತಿತ್ತು. ಡಬಲ್ ಡಿಗ್ರಿ ಮಾಡಿದ್ದ ಮಗಳಿಗೆ ಇದು ಸರಿಕಾಣಲಿಲ್ಲ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಐನೂರು ಗಂಟೆ ವಾರಂಟಿಯ ಹೊಸ ಎಂಜಿನ್ ತಂದಳು. ಜೊತೆಗೆ ಬಂದ ನೂರಹನ್ನೆರಡು ಪುಟದ ಕೈಪಿಡಿಯನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿದಳು. ಈ ದಡದಲ್ಲಿ ಕೈಪಿಡಿ ಓದಿದ ಮೊದಲ ವ್ಯಕ್ತಿ ಅವಳು. ಎಲ್ಲ ಅನರ್ಥವೂ ಅಲ್ಲಿಂದಲೇ ಶುರುವಾಯಿತೆಂದು ಈಗ ಅವಳೇ ಹೇಳಿಕೊಳ್ಳುತ್ತಾಳೆ.

ಹನ್ನೊಂದು ಗಂಟೆ ಓಡಿದ ಎಂಜಿನ್ ನಡುಹೊಳೆಯಲ್ಲಿ ಕೆಮ್ಮಿ ನಿಂತಿತು.

ಬೋಟು ರಿಪೇರಿಯ ಶೆಡ್ಡು ಇಟ್ಟುಕೊಂಡಿರುವ ಅವಳ ಸೋದರಮಾವ ಬಂದರು. ಕೀಲಿ ತಿರುಗಿಸಿ, ಮುಚ್ಚಳಕ್ಕೆ ಕಿವಿಯಿಟ್ಟು, ಬೀಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರು.

"ಗಾಳಿ ಎಳ್ಕೊಳ್ತಿದೆ ಪುಟ್ಟಿ. ಒಳಗೆ ಪೆಟ್ರೋಲ್ ಪೈಪಿನ ಕ್ಲಿಪ್ಪು ಸಡಿಲ ಆಗಿದೆ. ಸ್ಕ್ರೂಡ್ರೈವರ್ ತಂದಿದೀನಿ. ಎರಡು ತಿರುವು, ಮುಗೀತು."

"ಕೈ ತೆಗೀರಿ ಮಾವ!"

ಮುಚ್ಚಳದ ಅಂಚಿನಲ್ಲಿ ಬೆರಳಗಲದ ಬೆಳ್ಳಿಬಣ್ಣದ ಸೀಲು ಅಂಟಿಸಿತ್ತು. ಕೈಪಿಡಿಯ ಪುಟ ನಲವತ್ತೇಳು: ಅಧಿಕೃತ ಎಂಜಿನಿಯರ್ ಹೊರತು ಅನ್ಯರು ಸೀಲು ಒಡೆದಲ್ಲಿ ವಾರಂಟಿಯು ತಕ್ಷಣವೇ ಅಸುನೀಗತಕ್ಕದ್ದು.

"ಎಂಜಿನ್ ಆಗ್ಲೇ ಅಸುನೀಗಿದೆಯಲ್ಲೇ," ಎಂದರು ಮಾವ.

"ಎಂಜಿನ್ ಹೋದ್ರೆ ವಾರಂಟಿ ಇದೆ. ವಾರಂಟಿ ಹೋದ್ರೆ ಏನಿದೆ?"

ಮಾವ ಓದಿದವರೊಂದಿಗೆ ವಾದ ಮಾಡಬಾರದೆಂದು ಸ್ಕ್ರೂಡ್ರೈವರನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹೊರಟರು.

ಓದಿದಕ್ಕ ಸೇವಾ ಕೇಂದ್ರಕ್ಕೆ ಫೋನು ಮಾಡಿದಳು. ಎಂಜಿನ್ನನ್ನು ಚಾಲ್ತಿಯಲ್ಲಿರುವ ಸ್ಥಿತಿಯಲ್ಲಿ, ಜಲಮಾರ್ಗವಾಗಿ ಕೇಂದ್ರಕ್ಕೆ ತರತಕ್ಕದ್ದೆಂದು ಆಚೆಯ ಹೆಣ್ಣುದನಿ ತಿಳಿಸಿತು.

"ಚಾಲ್ತಿಯಲ್ಲಿದ್ರೆ ನಾನ್ಯಾಕಮ್ಮ ತರ್ಲಿ?"

"ಹಾಗಾದ್ರೆ ತೊಂದರೆ ಏನೂ ಇಲ್ಲ ಅಂತ ಬರ್ಕೊಳ್ಳಲಾ ಮೇಡಂ?"

ಹದಿನೇಳು ಫೋನುಗಳ ನಂತರ, ಇಪ್ಪತ್ತೆರಡನೆಯ ದಿನ, ಅಧಿಕೃತ ಎಂಜಿನಿಯರ್ ಖುದ್ದಾಗಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಂದು ಚುಕ್ಕೆ ಗ್ರೀಸೂ ಇಲ್ಲ. ಎಂಜಿನ್ನಿನ ಸುತ್ತ ಮೂರು ಸುತ್ತು ಬರಲು ಬೋಟಿನಲ್ಲಿ ಜಾಗವಿಲ್ಲದ್ದರಿಂದ ನಿಂತಲ್ಲೇ ಮೂರು ಸಲ ತಿರುಗಿ ವರದಿ ಬರೆದರು: ಶಬ್ದ, ಇಲ್ಲ. ಹೊಗೆ, ಇಲ್ಲ. ಅದುರುವಿಕೆ, ಇಲ್ಲ. ಅನಗತ್ಯ ಇಂಧನ ವೆಚ್ಚ, ಇಲ್ಲ. ಸೀಲಿನ ಸ್ಥಿತಿ, ಅತ್ಯುತ್ತಮ.

"ಇಷ್ಟು ಒಳ್ಳೆ ರಿಪೋರ್ಟು ನಾನು ಯಾರಿಗೂ ಬರ್ದಿಲ್ಲ ಅಕ್ಕ," ಎಂದರು. ಓದಿದಕ್ಕನಿಗೆ ಒಂದು ಕ್ಷಣ ಎದೆ ಉಬ್ಬಿತು. ಶಾಲೆ ಬಿಟ್ಟ ಮೇಲೆ ಅವಳಿಗೆ ಯಾರೂ ಅತ್ಯುತ್ತಮ ಎಂದು ಬರೆದುಕೊಟ್ಟಿರಲಿಲ್ಲ.

ಮಾವ ತಡೆಯಲಾರದೆ, "ಸ್ವಾಮೀ, ಕ್ಲಿಪ್ಪು ಸಡಿಲ ಆಗಿದೆ. ಎರಡು ತಿರುವು," ಎಂದರು.

"ನಂಗೂ ಗೊತ್ತು ಯಜಮಾನ್ರೇ. ಗೊತ್ತಿರೋದಕ್ಕೂ ಅಧಿಕಾರ ಇರೋದಕ್ಕೂ ಏನು ಸಂಬಂಧ?"

ಎಂಜಿನಿಯರ್ ವಿವರಿಸಿದರು. ನೋಡುವ ಅಧಿಕಾರ ಮಾತ್ರ ತಮ್ಮದು. ಸೀಲು ತೆರೆಯುವ ಅಧಿಕಾರ ತಮಗೆ ಬರಬೇಕಾದರೆ ದೂರು 'ಬಿಡಿ ದೂರು' ಆಗಿರದೆ 'ವ್ಯಾಪಕ ದೂರು' ಆಗಿರತಕ್ಕದ್ದು. ನೂರು ಜನರ ಕಿವಿಗೆ ಬಿದ್ದ ದೂರೇ ವ್ಯಾಪಕ ದೂರು. ಅದಕ್ಕೊಂದು 'ಶ್ರೋತೃಗಳ ಪಟ್ಟಿ' ಇದೆ. ಕೇಳಿದವರು ಸಹಿ ಹಾಕಬೇಕು.

"ಅಷ್ಟೇನಾ?" ಎಂದಳು ಓದಿದಕ್ಕ. ಎಂಟೂವರೆಗೆ ದಡಕ್ಕೆ ಬರುವವರೇ ದಿನಕ್ಕೆ ನಲವತ್ತು ಜನ. ಮೂರು ದಿನದ ಕೆಲಸ.

"ಹಿಂದಿನ ಪುಟದಲ್ಲಿ ಒಂದು ಸೂಚನೆ ಇದೆ. ನೋಡ್ಕೊಳ್ಳಿ ಅಕ್ಕ."

ಸೂಚನೆ: ದೂರನ್ನು ಕೇಳಿದಾಗ ಪರಿಹಾರ ಸೂಚಿಸುವ ವ್ಯಕ್ತಿಯನ್ನು ಶ್ರೋತೃ ಎಂದು ಪರಿಗಣಿಸದೆ, ಅನಧಿಕೃತ ಮೆಕ್ಯಾನಿಕ್ ಎಂದು ಪರಿಗಣಿಸತಕ್ಕದ್ದು.

ಅಂದು ಸಂಜೆಯೊಳಗೆ ಅವಳು ಐವತ್ತಾರು ಜನರಿಗೆ ವಿಷಯ ಹೇಳಿದಳು. ಐವತ್ತೈದು ಜನ, "ಅಯ್ಯೋ, ಸೀಲು ಕಿತ್ತು ಆ ಕ್ಲಿಪ್ಪು ಬಿಗಿ ಮಾಡಿ ಅತ್ಲಾಗೆ" ಎಂದು ಅನರ್ಹರಾದರು. ಸಹಿ ಸಿಕ್ಕಿದ್ದು ಒಬ್ಬರದು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇಷ್ಟರಲ್ಲಿ ಬಂದರು ಕಚೇರಿಯಿಂದ ನೋಟೀಸು ಬಂತು. ಸತತ ಮೂವತ್ತು ದಿನ ದಡ ಬಿಡದ ಬೋಟಿನ ಪಾಳಿ ರದ್ದಾಗಿ, ಸರದಿಯಲ್ಲಿರುವ ಮುಂದಿನವರಿಗೆ ಹೋಗತಕ್ಕದ್ದು. ಅಂದು ಇಪ್ಪತ್ತೊಂಬತ್ತನೆಯ ದಿನ.

ಮಧ್ಯಾಹ್ನ ಮಾವ ಮತ್ತೆ ಬಂದರು. ಈ ಸಲ ಸ್ಕ್ರೂಡ್ರೈವರ್ ಕಿವಿಯಿಂದ ಕೈಗೆ ಬಂದಿತ್ತು.

"ನೀನು ಆ ಕಡೆ ಮುಖ ತಿರುಗ್ಸು ಪುಟ್ಟಿ. ನೀನು ನೋಡ್ಲಿಲ್ಲ, ನಾನು ಮಾಡ್ಲಿಲ್ಲ. ನಿಮ್ಮಪ್ಪನ ಪಾಳಿ ಕಣೇ ಅದು."

ಅವಳು ನಿಜವಾಗಿಯೂ ಮುಖ ತಿರುಗಿಸಿದಳು. ಎದುರಿಗೇ ಪಾಳಿಯ ಹಲಗೆ. ಎಂಟೂವರೆ ಎಂಬುದನ್ನು ಅಪ್ಪ ತಾವೇ ಬಣ್ಣದಲ್ಲಿ ಬರೆದದ್ದು, ಕೊನೆಯ ಅಕ್ಷರ ಜಾಗ ಸಾಲದೆ ಸಣ್ಣದಾಗಿತ್ತು. ಬೆನ್ನ ಹಿಂದೆ ಲೋಹಕ್ಕೆ ಲೋಹ ತಾಗಿದ ಸದ್ದು ಕೇಳಿತು.

"ಬೇಡ ಮಾವ! ನಾನು ಸಹಿ ಹಾಕಿದೀನಿ."

"ಯಾವುದಕ್ಕೆ?"

"ಆ ನಲವತ್ತೇಳನೇ ಪುಟ ಓದಿ ಅರ್ಥ ಮಾಡ್ಕೊಂಡಿದೀನಿ ಅಂತ."

"ಅರ್ಥ ಆಗಿದ್ಯಾ?"

ಅವಳು ನೋಟೀಸು ಹಿಡಿದು ನೇರ ಬಂದರು ಕಚೇರಿಗೆ ನಡೆದಳು. ಗುಮಾಸ್ತರು ಮೂಲ ನಿಯಮದ ಕಡತ ತೆಗೆದು ಧೂಳು ಊದಿ ಓದಿದರು: "ಎಂಜಿನ್ ಅಳವಡಿಸಿದ ಬೋಟು ನಿಗದಿತ ಸಮಯಕ್ಕೆ ದಡ ಬಿಡತಕ್ಕದ್ದು."

"ಅಳವಡಿಸಿದ. ಓಡುವ ಅಂತ ಇದ್ಯಾ ಸಾರ್?"

ಗುಮಾಸ್ತರು ಪುಟ ತಿರುಗಿಸಿದರು. ಹಿಂಬದಿ ಖಾಲಿಯಿತ್ತು. ಬೆಳಕಿಗೆ ಹಿಡಿದೂ ನೋಡಿದರು. "ಇಲ್ಲಮ್ಮ. ಇದನ್ನ ಇಷ್ಟು ವರ್ಷದಲ್ಲಿ ಯಾರೂ ಕೇಳ್ಲೇ ಇಲ್ಲ ನೋಡಿ," ಎಂದು ಗೌರವದಿಂದ ಎದ್ದು ನಿಂತರು.

ಮೂವತ್ತನೆಯ ದಿನ ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಬೋಟು ದಡ ಬಿಟ್ಟಿತು. ಹಿಂಭಾಗದಲ್ಲಿ ಎಂಜಿನ್, ಬಿಸಿಲಿಗೆ ಸೀಲು ಬಾಡದಂತೆ ಓದಿದಕ್ಕನ ಹಳೇ ಹತ್ತಿಸೀರೆ ಹೊದ್ದು ಕೂತಿತ್ತು. ಮಾವನ ಶೆಡ್ಡಿನಿಂದ ತಂದ ಎಂಟು ಹುಟ್ಟುಗಳನ್ನು ಪ್ರಯಾಣಿಕರು ಹಿಡಿದಿದ್ದರು. ಒಳಗೊಂದು ಪ್ರಕಟಣೆ ತೂಗುಹಾಕಿತ್ತು:

'ಈ ಬೋಟು ಯಂತ್ರಚಾಲಿತ. ಪ್ರಯಾಣಿಕರು ದಯವಿಟ್ಟು ಜೋರಾಗಿ ಹುಟ್ಟು ಹಾಕುವುದು. ಎಂಜಿನ್‌ಗೆ ಒರಗಬಾರದು. ಪರಿಹಾರ ಸೂಚಿಸಬಾರದು.'

ಮೊದಲ ವಾರ ಗೊಣಗಿದರು. ಎರಡನೆಯ ವಾರ ಮೇಷ್ಟ್ರೊಬ್ಬರ ಹೊಟ್ಟೆ ಕರಗಿತು. ಮೂರನೆಯ ವಾರಕ್ಕೆ ಹುಟ್ಟಿನ ಪಕ್ಕದ ಸೀಟಿಗೆ ಎಂಟು ಗಂಟೆಗೇ ಕರವಸ್ತ್ರ ಹಾಕಿ ಜಾಗ ಹಿಡಿಯುವಂತಾಯಿತು. ಅದೇ ಬೋಟಿನಲ್ಲಿ ದಾಟುವ ನನ್ನ ಹಲ್ಲಿನ ಡಾಕ್ಟರ ಹೆಗಲುನೋವು ವಾಸಿಯಾದದ್ದು ಅಲ್ಲಿಯೇ. ಕಂಪನಿಯವರು ಬಂದು 'ಅತ್ಯಂತ ಕಡಿಮೆ ಸವೆತದ ಎಂಜಿನ್' ಎಂಬ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಕೊಟ್ಟರು. ಬೇರೆ ಬೋಟಿನ ಮಾಲೀಕರು ತಮ್ಮ ಎಂಜಿನ್ ಓಡುವುದನ್ನು ತುಸು ನಾಚಿಕೆಯಿಂದ ಹೇಳಿಕೊಳ್ಳತೊಡಗಿದರು. "ನಿಮ್ದು ವಾರಂಟಿ ಎಷ್ಟು ಉಳ್ದಿದೆ?" ಎಂದು ಯಾರಾದರೂ ಕೇಳಿದರೆ ಓದಿದಕ್ಕ, "ನಾನೂರ ಎಂಬತ್ತೊಂಬತ್ತು ಗಂಟೆ. ಪೂರ್ತಿ ಹಾಗೇ ಇದೆ," ಎನ್ನುತ್ತಾಳೆ. ಆಮೇಲೆ ತನ್ನ ಅಂಗೈಯ ಬೊಕ್ಕೆ ನೋಡಿಕೊಂಡು, "ಓದಿದ್ದು ದಂಡ ಆಗ್ಲಿಲ್ಲ," ಎಂದು ನಗುತ್ತಾಳೆ. ಮಾವ ನಗುವುದಿಲ್ಲ. ಅವರಿಗೆ ಈಗ ಹುಟ್ಟು ಕೆತ್ತುವುದರಿಂದ ಪುರುಸೊತ್ತಿಲ್ಲ.

ಹಾಗೆಂದು ಅವಳು ದೂರನ್ನು ಕೈಬಿಟ್ಟಿಲ್ಲ. ಅಪ್ಪನ ಪಾಳಿಯನ್ನು ಒಂದು ದಿನವಾದರೂ ಎಂಜಿನ್ನಿನ ಸದ್ದಿನಲ್ಲಿ ದಾಟಿಸಬೇಕೆಂಬುದು ಅವಳ ಆಸೆ. ಶ್ರೋತೃಗಳ ಪಟ್ಟಿ ಆಮೆಗತಿಯಲ್ಲಿ ಸಾಗುತ್ತಿತ್ತು. ಅದನ್ನು ಡಾಕ್ಟರು ತಮ್ಮ ಕ್ಲಿನಿಕ್ಕಿಗೆ ಒಯ್ದ ಮೇಲೆ ವೇಗ ಬಂತು. ಅವರ ಕುರ್ಚಿಯಲ್ಲಿ ಕೂತವರು ಯಾರೂ ಪರಿಹಾರ ಸೂಚಿಸುವ ಸ್ಥಿತಿಯಲ್ಲಿರುವುದಿಲ್ಲ. ಹತ್ತಿ ತೆಗೆಯುವ ಮೊದಲೇ ನನ್ನ ಕೈಗೆ ಪೆನ್ನು ಬಂತು. ನಾನು ತೊಂಬತ್ತೆಂಟನೆಯವಳು.

ಇಷ್ಟು ಹೊತ್ತು ಸುಮ್ಮನೆ ಓದಿದ ನೀವು ತೊಂಬತ್ತೊಂಬತ್ತು. ಇನ್ನು ಬೇಕಾದದ್ದು ಒಬ್ಬರೇ. ದಯವಿಟ್ಟು ಯಾರಿಗಾದರೂ ಹೇಳಿ. ಆದರೆ ಅವರ ಬಾಯಲ್ಲಿ ಏನಾದರೂ ಇರುವಾಗ ಹೇಳಿ.