ನಲವತ್ತೇಳನೇ ಬಿಲ್ಲೆ

ಎಲ್ಲ ಅನಾಹುತಕ್ಕೂ ಕಾರಣ ಒಂದು ಹಿತ್ತಾಳೆ ಬಿಲ್ಲೆ. ಬಿಸ್ಕತ್ತಿನಷ್ಟು ಅಗಲ, ನಡುವೆ ನಲವತ್ತೇಳು ಎಂಬ ಅಂಕಿ, ಮೇಲೊಂದು ತೂತು. ಸಾಬೂನು ಕಾರ್ಖಾನೆಯ ಬಾಗಿಲ ಪಕ್ಕದ ಹಲಗೆಯ ಮೇಲೆ ಇಂಥ ಅರವತ್ತೆರಡು ಬಿಲ್ಲೆಗಳು ಕೊಕ್ಕೆಗಳಿಂದ ನೇತಾಡುತ್ತಿದ್ದವು; ತಲೆಗೊಂದರಂತೆ. ನಲವತ್ತೇಳನೆಯದು ಮೆಕ್ಯಾನಿಕ್‌ನದು. ಅವನು ಬಂದ ಮೊದಲ ದಿನವೇ ಸ್ಟೋರ್ ಕೀಪರ್ ಮುದುಕ ಅದನ್ನು ಅವನ ಕೈಗಿಟ್ಟು, ಬಿಲ್ಲೆಯ ನಿಯಮಗಳನ್ನು ಕಾಲು ಗಂಟೆ ವಿವರಿಸಿದ್ದ. ಮೆಕ್ಯಾನಿಕ್‌ನ ಕಣ್ಣು ಆಗ ಮುದುಕನ ಭುಜದಾಚೆ ಓರೆಯಾಗಿ ಓಡುತ್ತಿದ್ದ ಒಂದು ಬೆಲ್ಟಿನ ಮೇಲಿತ್ತು. ಎಲ್ಲದಕ್ಕೂ ತಲೆಯಾಡಿಸಿದ್ದ.

ಸಾಬೂನನ್ನು ಕಾಗದದ ಡಬ್ಬಿಗೆ ತುಂಬಿ ಅಂಟು ಹಾಕುವ ಯಂತ್ರಗಳನ್ನು ಅವನ ಕಂಪನಿ ತಯಾರಿಸುತ್ತಿತ್ತು. ಅಂಥ ಮೂರು ಯಂತ್ರಗಳನ್ನು ಈ ಪರದೇಶದ ಕಾರ್ಖಾನೆಯಲ್ಲಿ ಕೂರಿಸಿ, ಇಲ್ಲಿಯವರಿಗೆ ನಡೆಸುವುದನ್ನು ಕಲಿಸಿ, ಆರು ತಿಂಗಳಲ್ಲಿ ವಾಪಸ್ ಬರಬೇಕೆಂದು ಅವನನ್ನು ಕಳಿಸಿದ್ದರು. ಕಾರ್ಖಾನೆಯಲ್ಲಿ ಒಂಬತ್ತು ದೇಶದವರಿದ್ದರು. ಯಾರ ತಾಯ್ನುಡಿಯೂ ಅಲ್ಲದ ಒಂದು ಭಾಷೆಯನ್ನು ಎಲ್ಲರೂ ಒಂದೇ ಸಮ ತಪ್ಪುತಪ್ಪಾಗಿ ಆಡುತ್ತಿದ್ದುದರಿಂದ ಜಗಳ ಕಡಿಮೆ ಇತ್ತು. ಅವನ ಹೆಸರಿಗೆ ಯಾರ ನಾಲಗೆಯೂ ಹೊರಳಲಿಲ್ಲ. ಎಷ್ಟು ದಿನಕ್ಕೆ ಬಂದೆ ಎಂದು ಕೇಳಿದವರಿಗೆಲ್ಲ ಅವನು ಕೊಟ್ಟ ಉತ್ತರವೇ ಹೆಸರಾಯಿತು. ‘ಆರು ತಿಂಗಳು’ ಎಂದೇ ಎಲ್ಲರೂ ಕರೆದರು.

ಇಂದು ಆ ಆರು ತಿಂಗಳ ಕಡೆಯ ದಿನ, ಶುಕ್ರವಾರ. ಶನಿವಾರ ಬೆಳಿಗ್ಗೆ ವಿಮಾನ. ಸೋಮವಾರ ಒಂಬತ್ತಕ್ಕೆ ಊರಿನ ಕಚೇರಿಯಲ್ಲಿ ಇರಲೇಬೇಕು. ಸರ್ವಿಸ್ ವಿಭಾಗದ ಮುಖ್ಯಸ್ಥರು ನಿವೃತ್ತರಾಗಿದ್ದರು. ಆ ಕುರ್ಚಿಗೆ ಇಬ್ಬರು ಅಭ್ಯರ್ಥಿಗಳು: ಒಬ್ಬ ಮೆಕ್ಯಾನಿಕ್, ಇನ್ನೊಬ್ಬ ಅವನ ಹೆಂಡತಿಯ ತಂಗಿಯ ಗಂಡ, ಅಂದರೆ ಸ್ವಂತ ಷಡ್ಡಕ. ಅಲ್ಲಿಯವರು ನಿಮ್ಮನ್ನು ಮೆಚ್ಚಿ ಬರೆದ ಪತ್ರದೊಂದಿಗೆ ಸೋಮವಾರ ಎದುರು ಬಂದು ನಿಂತರೆ ಕುರ್ಚಿ ನಿಮ್ಮದು, ಇಲ್ಲವಾದರೆ ಅವರದು ಎಂದು ಊರಿನ ಮ್ಯಾನೇಜರು ಫೋನಿನಲ್ಲೇ ಇತ್ಯರ್ಥ ಮಾಡಿದ್ದರು.

ಹೆಂಡತಿಯ ಕಷ್ಟ ಬೇರೆ. “ನನ್ನ ತಂಗಿ ಮುಖ್ಯಸ್ಥನ ಹೆಂಡ್ತಿ, ನಾನು ಅವನ ಕೈಕೆಳಗಿನೋರ ಹೆಂಡ್ತಿ. ಅಮ್ಮನ ಮನೇಲಿ ಒಂದೇ ಸೋಫಾದಲ್ಲಿ ಹೇಗ್ರೀ ಕೂತ್ಕೊಳ್ಲಿ?” ಎಂದು ಅವಳು ಕೇಳಿದ್ದಳು.

ಊರಿನ ಕಂಪನಿಯಲ್ಲಿ ಯಾರು ಬಿಟ್ಟು ಹೊರಟರೂ ಉಳಿದವರು ಸೇರಿ ನಡುವೆ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಬದುಕಿರುವವರ ಬಗ್ಗೆ ಸಾಮಾನ್ಯವಾಗಿ ಆಡದ ನಾಲ್ಕು ಒಳ್ಳೆಯ ಮಾತು ಆಡಿ, ಒಂದು ಗೋಡೆ ಗಡಿಯಾರ ಕೊಟ್ಟು, ಫೋಟೊ ತೆಗೆಯುತ್ತಿದ್ದರು. ಇಲ್ಲಿಯೂ ಹಾಗೇ ಇರುತ್ತದೆಂದು ಮೆಕ್ಯಾನಿಕ್ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಗಡಿಯಾರದಷ್ಟು ಗುಂಡನೆಯ ಗುಂಡಿ ಬಿಟ್ಟಿದ್ದ. ಅಲ್ಲಿ ಹೆಂಡತಿ ನಡುಮನೆಯ ಗೋಡೆಗೆ ಆಗಲೇ ಮೊಳೆ ಹೊಡೆದಿದ್ದಳು. ಫೋಟೊಗೆಂದು ಇವತ್ತು ಬಿಳಿ ಅಂಗಿ ತೊಟ್ಟಿದ್ದ. ಕೃತಜ್ಞತೆಯ ಭಾಷಣ ಬರೆದು ಬಾಯಿಪಾಠ ಮಾಡಿದ್ದ.

ಬೆಳಿಗ್ಗೆಯಿಂದ ಯಾರೂ ಬೀಳ್ಕೊಡುಗೆಯ ಮಾತೇ ಎತ್ತಲಿಲ್ಲ. ಎಲ್ಲರೂ ಅವನನ್ನು ನೋಡುತ್ತಿದ್ದರು, ಬಾಗಿಲ ಪಕ್ಕದ ಹಲಗೆ ನೋಡುತ್ತಿದ್ದರು, ಮತ್ತೆ ಅವನನ್ನು ನೋಡಿ ತಮ್ಮ ಪಾಡಿಗೆ ಹೋಗುತ್ತಿದ್ದರು. ಹತ್ತು ಗಂಟೆಗೆ ಸ್ಟೋರ್ ಕೀಪರ್ ತಾನಾಗಿಯೇ ಬಂದ.

“ಇವತ್ತು ಶುಕ್ರವಾರ.”

“ಹೌದಲ್ಲ.”

“ಹತ್ತು ಗಂಟೆ ಆಯ್ತು. ನನ್ನ ಕೈಗೆ ಏನಾದ್ರೂ ಕೊಡೋದಿತ್ತಾ, ಆರು ತಿಂಗಳು?”

ಮೆಕ್ಯಾನಿಕ್ ಲೆಕ್ಕದ ಮನುಷ್ಯ. ಹದಿನಾಲ್ಕು ಸ್ಪ್ಯಾನರು, ಎರಡು ಇಕ್ಕಳ, ಒಂದು ಗ್ರೀಸ್ ಗನ್, ಎಲ್ಲ ಬುಧವಾರವೇ ಒಪ್ಪಿಸಿ ರುಜು ಮಾಡಿಸಿಕೊಂಡಿದ್ದ. ಇನ್ನು ಕೊಡುವುದೇನೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದ. ಮುದುಕನ ಮೀಸೆ ಅದುರಿತು. ಕನ್ನಡಕ ತೆಗೆದು ಒರೆಸಿಕೊಂಡ. “ಯೋಚನೆ ಮಾಡೇ ಹೇಳ್ತಿದೀಯಾ?” ಎಂದ. ಒಂದಲ್ಲ ಎರಡು ಸಲ ಎಣಿಸಿದ್ದೇನೆ ಎಂದು ಮೆಕ್ಯಾನಿಕ್ ಉತ್ತರಿಸಿದ. ಮುದುಕ ಅವನ ಬೆನ್ನು ತಟ್ಟಿ ಸರಸರ ಹೊರಟುಹೋದ. ಆರು ತಿಂಗಳ ಸ್ನೇಹ, ಕಡೆಗೆ ಸ್ಪ್ಯಾನರಿಗೆ ಬಂದು ನಿಂತಿತಲ್ಲ ಎಂದು ಮೆಕ್ಯಾನಿಕ್‌ ನೊಂದುಕೊಂಡ.

ನನಗೆ ಬೀಳ್ಕೊಡುಗೆ ಮಾಡಿ ಎಂದು ಬಾಯಿಬಿಟ್ಟು ಕೇಳಲಾಗುತ್ತದೆಯೇ? ಟೀ ವೇಳೆಯಲ್ಲಿ ಅವನು ಬಳಸು ದಾರಿ ಹಿಡಿದ. ಎದುರಿಗೆ ವೆಲ್ಡರ್ ಕೂತಿದ್ದ. ಬೀರುವಿನಂಥ ಆಳು, ಮಗುವಿನಂಥ ಮನಸ್ಸು. ಮೆಕ್ಯಾನಿಕ್ ತನ್ನ ಭಾಷಣದ ಅತ್ಯುತ್ತಮ ವಾಕ್ಯವನ್ನೇ ಗಾಳಕ್ಕೆ ಸಿಕ್ಕಿಸಿ ಎಸೆದ.

“ಇಲ್ಲಿಂದ ಹೋಗೋಕೆ ಕಾಲೇ ಬರ್ತಿಲ್ಲ ಕಣಯ್ಯ.”

ವೆಲ್ಡರ್ ಲೋಟ ಕೆಳಗಿಟ್ಟ. “ನಿಜವಾಗ್ಲೂ?”

“ಮತ್ತೆ? ನೀವೆಲ್ಲ ನನಗೆ ಒಡಹುಟ್ಟಿದೋರ ಥರ.”

ವೆಲ್ಡರ್ ಅರ್ಧ ಟೀ ಹಾಗೇ ಬಿಟ್ಟು ಎದ್ದ. ಮೇಲ್ವಿಚಾರಕಿಯ ಗಾಜಿನ ಕೋಣೆಯ ಕಡೆ ದಾಪುಗಾಲು ಹಾಕಿದ. ಮಾತು ಎತ್ತಿದ ಕೂಡಲೇ ತಪ್ಪಿಸಿಕೊಂಡನಲ್ಲ ಎಂದು ಮೆಕ್ಯಾನಿಕ್ ಇಬ್ಬರ ಲೋಟವನ್ನೂ ತಾನೇ ತೊಳೆದಿಟ್ಟ.

ಊಟದ ಹೊತ್ತಿಗೆ ಹೆಂಡತಿಯ ಫೋನ್ ಬಂತು. ಷಡ್ಡಕ ಹೊಸ ಅಂಗಿ ಹೊಲಿಸಿದ್ದಾನಂತೆ. ಖಾಲಿ ಕುರ್ಚಿಯ ಮೇಲೆ ಕೂತು ನೋಡಿದನಂತೆ. ಗಟ್ಟಿ ಇದೆಯೋ ಇಲ್ಲವೋ ನೋಡಲು ಎಂದನಂತೆ. ಗಡಿಯಾರ ದೊಡ್ಡದಾ ಚಿಕ್ಕದಾ ಎಂದು ಅವಳು ಕೇಳಿದಳು. ಇನ್ನೂ ಕೊಟ್ಟಿಲ್ಲ ಎಂದ. ಪತ್ರ? ಅದೂ ಕೊಟ್ಟಿಲ್ಲ. ಅತ್ತ ಕಡೆಯಿಂದ, “ಆರು ತಿಂಗಳು ಅಲ್ಲೇನ್ ಮಾಡ್ತಿದ್ರಿ?” ಎಂಬ ಪ್ರಶ್ನೆ ಬಂತು.

ಎರಡು ಗಂಟೆಗೆ ಮೇಲಿನ ಕ್ರೇನು ಸರಿಯುವಾಗ ಗೋಡೆ ಅದುರಿತು. ಸಡಿಲಗೊಂಡಿದ್ದ ಕೊಕ್ಕೆಯಿಂದ ನಲವತ್ತೇಳನೇ ಬಿಲ್ಲೆ ಕಳಚಿ ನೆಲಕ್ಕೆ ಬಿತ್ತು. ಟಣ್ಣೆಂದು ಉರುಳುತ್ತ ಕನ್ವೇಯರ್ ಬೆಲ್ಟಿನ ಅಡಿಗೆ ಹೋಯಿತು. ಯಂತ್ರಗಳು ಒಂದೊಂದಾಗಿ ನಿಂತವು. ಎಲ್ಲರೂ ಬಂದು ಸುತ್ತ ನಿಂತರು. ಒಬ್ಬರೂ ಬಗ್ಗಲಿಲ್ಲ, ಬಿಲ್ಲೆಗೆ ಕರೆಂಟು ಹೊಡೆಯುತ್ತದೆಯೇನೋ ಎಂಬಂತೆ ಕೈ ಹಿಂದಕ್ಕೆ ಕಟ್ಟಿಕೊಂಡಿದ್ದರು.

ಇದಕ್ಕಿಂತ ಹೆಚ್ಚಿನ ಅವಮಾನ ಇರಬಹುದೆಂದು ಮೆಕ್ಯಾನಿಕ್‌ಗೆ ಅನಿಸಲಿಲ್ಲ. ಬಿಳಿ ಅಂಗಿಯಲ್ಲೇ ನೆಲಕ್ಕೆ ಬಿದ್ದು, ಬೆಲ್ಟಿನ ಕೆಳಗೆ ತೆವಳಿ, ಎದೆಯುದ್ದ ಗ್ರೀಸ್ ಬಳಿದುಕೊಂಡು ಬಿಲ್ಲೆಯನ್ನು ಹೊರತಂದ. ಹೋಗುವವನ ಬಿಲ್ಲೆಯಾದರೂ ಕೆಲಸ ಕೆಲಸವೇ. ಇಕ್ಕಳ ಎರವಲು ಪಡೆದು ಕೊಕ್ಕೆ ಬಿಗಿ ಮಾಡಿದ. ಬಿಲ್ಲೆಯನ್ನು ತೋಳಿಗೆ ಉಜ್ಜಿ ತೂಗುಹಾಕಿದ. ಇನ್ನು ಬೀಳಬಾರದೆಂದು ಒಂದು ಸುತ್ತು ತಂತಿಯನ್ನೂ ಬಿಗಿದ. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಅಣಕಿಸುವುದೊಂದು ಬಾಕಿ ಇತ್ತು, ಅದೂ ಆಯಿತು ಎಂದುಕೊಂಡ.

ಮೂರು ಗಂಟೆಗೆ ಗಾಜಿನ ಕೋಣೆಯ ಮುಂದೆ ನಿಂತ. ಮೇಲ್ವಿಚಾರಕಿ ಫೋನಿನಲ್ಲಿ ನಗುನಗುತ್ತ ಮಾತಾಡುತ್ತಿದ್ದರು. ಅಂಗಿಯ ಗ್ರೀಸನ್ನು ಕೈಯಿಂದ ಮುಚ್ಚಿಕೊಂಡು, ನನ್ನದೊಂದು ಪತ್ರ ಇತ್ತಲ್ಲ ಮೇಡಂ ಎಂದು ಬಾಗಿಲ ಸಂದಿಯಲ್ಲಿ ಕೇಳಿದ. ಅವರು ನಾಲ್ಕು ಬೆರಳು ತೋರಿಸಿದರು. ನಾಲ್ಕು ಗಂಟೆಗೆ ಪಾಳಿ ಮುಗಿದು ಎಲ್ಲರೂ ಮನೆಗೆ ಹೋಗುತ್ತಾರೆ. ಅಲ್ಲಿಗೆ ಪತ್ರವೂ ಇಲ್ಲ, ಫೋಟೊವೂ ಇಲ್ಲ, ಕುರ್ಚಿಯೂ ಇಲ್ಲ. ಮೂರನೇ ಯಂತ್ರದ ಹಿಂದೆ ಖಾಲಿ ಡಬ್ಬಿಗಳ ರಾಶಿಯ ಮೇಲೆ ಅವನು ಕೂತ. ಗೋಡೆಯ ಬರಿಮೊಳೆ ಕಣ್ಣ ಮುಂದೆ ಬಂತು.

ನಾಲ್ಕಕ್ಕೆ ಸದ್ದಿಲ್ಲದೆ ಹೊರಟವನನ್ನು ಬಾಗಿಲಲ್ಲಿ ವೆಲ್ಡರ್ ಹಿಡಿದ. ಹಿಡಿದ ಎನ್ನುವುದಕ್ಕಿಂತ ಎತ್ತಿದ ಎನ್ನಬೇಕು. ಕಂಕುಳಿಗೆ ಕೈ ಕೊಟ್ಟು ಕ್ಯಾಂಟೀನಿಗೆ ಹೊತ್ತೊಯ್ದ.

ಅಲ್ಲಿ ಅರವತ್ತು ಜನ. ನಡುವೆ ಒಂದು ಕುರ್ಚಿ. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ, ಗುಂಡಗಿತ್ತು.

ಮೆಕ್ಯಾನಿಕ್‌ಗೆ ದಿನವಿಡೀ ಇವರನ್ನು ಬೈದುಕೊಂಡೆನಲ್ಲ, ಗುಟ್ಟಾಗಿ ಇಷ್ಟೆಲ್ಲ ಮಾಡುತ್ತಿದ್ದರಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಸ್ಟೋರ್ ಕೀಪರ್ ಎದ್ದು, ಇಂಥ ಮನುಷ್ಯನನ್ನು ನಲವತ್ತು ವರ್ಷದಲ್ಲಿ ನೋಡಿಲ್ಲ ಎಂದ. ವೆಲ್ಡರ್ ಎರಡು ವಾಕ್ಯ ಆಡುವಷ್ಟರಲ್ಲಿ ಅಳಲು ಶುರು ಮಾಡಿದ. ಪೊಟ್ಟಣ ಬಿಚ್ಚಿದರೆ ಗಡಿಯಾರ, ಸೂಟ್‌ಕೇಸಿನ ಗುಂಡಿಗೆ ಹೇಳಿ ಮಾಡಿಸಿದ ಅಳತೆ. ನೀನೂ ಎರಡು ಮಾತಾಡು ಎಂದರು. ಅವನು ಎದ್ದು ಬಾಯಿಪಾಠ ಮಾಡಿದ್ದನ್ನೆಲ್ಲ ಆಡಿದ. ಸಂತೋಷದಲ್ಲಿ ಬಾಯಿಪಾಠ ಮಾಡದ್ದನ್ನೂ ಆಡಿದ.

“ನನ್ನ ಕೈಲಿದ್ದಿದ್ರೆ ಇನ್ನೊಂದು ವರ್ಷ ಇಲ್ಲೇ ಇರ್ತಿದ್ದೆ.”

ಕ್ಯಾಂಟೀನಿನ ಗಾಜುಗಳು ನಡುಗುವಂತೆ ಚಪ್ಪಾಳೆ ಬಿತ್ತು. ಮೇಲ್ವಿಚಾರಕಿ ಪತ್ರ ಬಿಚ್ಚಿದರು. ಅವನ ಕೆಲಸದ ಬಗ್ಗೆ ಅರ್ಧ ಪುಟ ಹೊಗಳಿಕೆ; ಒಂದೊಂದು ಸಾಲಿಗೂ ಮೆಕ್ಯಾನಿಕ್ ಊರಿನ ಕುರ್ಚಿಗೆ ಒಂದೊಂದು ಹೆಜ್ಜೆ ಹತ್ತಿರವಾದ. ಕಡೆಯ ಸಾಲು ಹೀಗಿತ್ತು: ಅವರ ಇಚ್ಛೆಯನ್ನೂ ನಮ್ಮೆಲ್ಲರ ಕೋರಿಕೆಯನ್ನೂ ಮನ್ನಿಸಿ, ಅವರ ಕಂಪನಿಯು ಅವರನ್ನು ಇನ್ನೂ ಹನ್ನೆರಡು ತಿಂಗಳು ಇಲ್ಲೇ ಉಳಿಸಲು ಒಪ್ಪಿದೆ.

“ಯಾರ ಇಚ್ಛೆ?” ಎಂದ ಮೆಕ್ಯಾನಿಕ್.

ಸ್ಟೋರ್ ಕೀಪರ್ ಬಿಲ್ಲೆಯ ನಿಯಮವನ್ನು ಎರಡನೇ ಸಲ ವಿವರಿಸಿದ. ಹಿಂದೆ ಒಬ್ಬ ಯಜಮಾನ ಬೇಡವಾದವರ ಬಿಲ್ಲೆಯನ್ನು ರಾತ್ರೋರಾತ್ರಿ ತೆಗೆಸಿ ಮನೆಗೆ ಅಟ್ಟುತ್ತಿದ್ದನಂತೆ. ಅಂದಿನಿಂದ ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹೊರಡುವವನು ಕಡೆಯ ದಿನ ತಾನೇ ತೆಗೆದು ಸ್ಟೋರ್ ಕೀಪರನ ಕೈಗೆ ಕೊಡಬೇಕು; ಕೊಟ್ಟ ಮೇಲೆ ಬೀಳ್ಕೊಡುಗೆ. ಕೊಡದಿದ್ದರೆ ಅವನಿಗೆ ಹೋಗಲು ಇಷ್ಟವಿಲ್ಲವೆಂದು ಅರ್ಥ. “ನಾನು ಬಂದು ಕೇಳ್ದೆ, ಕೊಡೋದೇನೂ ಇಲ್ಲ ಅಂದೆ. ಬಿದ್ದಿದ್ದನ್ನೂ ತಂತಿ ಕಟ್ಟಿ ನೇತುಹಾಕ್ದೆ. ಇಷ್ಟು ಹಟ ಹಿಡಿದೋನನ್ನ ನಾನು ನೋಡೇ ಇಲ್ಲಪ್ಪ” ಎಂದ.

ಊರಿನಲ್ಲಿ ವರ್ಗವಾಗಿ ಹೊರಟವರೆಲ್ಲ ಹೋಗಲು ಕಾಲೇ ಬರುತ್ತಿಲ್ಲ ಎನ್ನುತ್ತಾರೆ. ಹಾಗೆಂದ ಮಾತ್ರಕ್ಕೆ ಯಾರೂ ಸಾಮಾನು ತುಂಬಿದ ಲಾರಿಯನ್ನು ವಾಪಸ್ ಕಳಿಸುವುದಿಲ್ಲ. ಇದನ್ನು ಹೇಳಲು ಮೆಕ್ಯಾನಿಕ್ ಬಾಯಿ ತೆರೆದ. ಎದುರಿಗೆ ವೆಲ್ಡರ್ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದ. ಊರಿನ ಮ್ಯಾನೇಜರಂತೂ ಕುಣಿದಾಡಿದರು, ಇನ್ನೆರಡು ಯಂತ್ರ ಕೊಳ್ಳುತ್ತೇವೆ ಎಂದ ಮೇಲೆ ಐದೇ ನಿಮಿಷಕ್ಕೆ ಒಪ್ಪಿದರು, ಟಿಕೆಟ್ಟನ್ನೂ ಅವರೇ ರದ್ದು ಮಾಡಿಸಿದರು ಎಂದು ಮೇಲ್ವಿಚಾರಕಿ ಸೇರಿಸಿದರು. ಮೆಕ್ಯಾನಿಕ್ ತೆರೆದ ಬಾಯಿ ಮುಚ್ಚುವ ಮೊದಲೇ ಯಾರೋ ಫೋಟೊ ತೆಗೆದರು.

ಅಷ್ಟರಲ್ಲಿ ಷಡ್ಡಕನ ಫೋನ್ ಬಂತು. ದನಿಯಲ್ಲಿ ವಿನಯ ತುಳುಕುತ್ತಿತ್ತು.

“ಭಾವ, ನಿಮ್ಮ ಆಶೀರ್ವಾದ. ಮ್ಯಾನೇಜರು ಈಗಷ್ಟೇ ಕರೆದು ಹೇಳಿದ್ರು. ಒಂದು ಸಣ್ಣ ಸಂದೇಹ. ಈ ಕುರ್ಚಿ ತಿರುಗಿದ್ರೆ ಕಿರ್ ಅಂತದೆ, ಎಣ್ಣೆ ಎಲ್ಲಿಗೆ ಬಿಡ್ಬೇಕು?”

ಸೀಟಿನ ಕೆಳಗೆ, ಕಂಬದ ಕೊರಳಲ್ಲಿ, ಎರಡೇ ಹನಿ ಎಂದು ಮೆಕ್ಯಾನಿಕ್ ಅಭ್ಯಾಸಬಲದಿಂದ ಹೇಳಿದ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ.

ಹೆಂಡತಿಗೆ ವಿಷಯ ತಂಗಿಯಿಂದ ಆಗಲೇ ತಲುಪಿತ್ತು. ಅವಳು ಬೈಯಲಿಲ್ಲ, ಅಳಲಿಲ್ಲ. “ಮೊಳೆಗೆ ಮುಂದಿನ ವರ್ಷದ ಕ್ಯಾಲೆಂಡರ್ ಹಾಕ್ಲಾ?” ಎಂದಷ್ಟೇ ಕೇಳಿ ಫೋನ್ ಇಟ್ಟಳು.

ಕ್ಯಾಂಟೀನು ಖಾಲಿಯಾಯಿತು. ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಮೆಕ್ಯಾನಿಕ್ ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತ. ಬಿಲ್ಲೆ ಅಲುಗಾಡದಂತೆ ಕೂತಿತ್ತು. ತಂತಿ ಚೆನ್ನಾಗಿ ಬಿಗಿದಿದ್ದ. ಆಮೇಲೆ ಸ್ಟೋರಿನ ಕಿಟಕಿಗೆ ಹೋಗಿ ಒಂದು ಮೊಳೆ ಕೊಡಿ ಎಂದ.

ಮುದುಕ ಹುಡುಕಿ ಹುಡುಕಿ ಉದ್ದನೆಯ, ತುಕ್ಕು ಹಿಡಿಯದ ಮೊಳೆಯೊಂದನ್ನು ಆರಿಸಿ ಅವನ ಅಂಗೈಗೆ ಇಟ್ಟ.

“ಗಟ್ಟಿಯಾಗಿ ಹೊಡ್ಕೋ, ಹದಿನೆಂಟು ತಿಂಗಳು.”